ಹದಿನಾಲ್ಕನೇ ಸೆಟ್ಟಿನ ಗಂಟಲು

ಪಾವಗಡದ ಬಸ್ ಸ್ಟ್ಯಾಂಡಿನಿಂದ ಕೋಟೆ ಬೆಟ್ಟದ ಕಡೆ ಹೋಗುವ ರಸ್ತೆಯಲ್ಲಿ, ಬಳೆ ಅಂಗಡಿಗೂ ಗೊಬ್ಬರದ ಅಂಗಡಿಗೂ ನಡುವೆ ಉಸಿರು ಬಿಗಿಹಿಡಿದು ನಿಂತಂತೆ ಆರಡಿ ಅಗಲದ ಒಂದು ಅಂಗಡಿ ಇದೆ. ಎರಡನೇ ಗಿರಾಕಿ ಒಳಗೆ ಬರಬೇಕಾದರೆ ಮೊದಲನೆಯವನು ಹೊರಗೆ ಹೋಗಬೇಕು. ಹಾಗಾಗಿ ಅಲ್ಲಿ ಚೌಕಾಸಿ ಹೆಚ್ಚು ಹೊತ್ತು ನಡೆಯುವುದಿಲ್ಲ. ಜಾಗ ಚಿಕ್ಕದು ಎಂದು ಬಾಡಿಗೆ ಕಡಿಮೆ ಮಾಡಿಸಿಕೊಂಡ ರಾಧಾಮಣಿ, ಅದೇ ಚಿಕ್ಕ ಜಾಗದಿಂದ ಹೀಗೆ ಎರಡನೇ ಲಾಭವನ್ನೂ ಎತ್ತುತ್ತಾಳೆ.

ಅವಳ ಕಸುಬು ವಾಕಿಟಾಕಿ ರಿಪೇರಿ. ಕಲ್ಯಾಣ ಮಂಟಪದ ವಾಚ್‌ಮನ್‌ಗಳು, ಕಲ್ಲು ಕ್ವಾರಿಯವರು, ಜಾತ್ರೆಯಲ್ಲಿ ಜನ ನಿಭಾಯಿಸುವ ಸ್ವಯಂಸೇವಕರು, ಈಗ ಹತ್ತು ವರ್ಷದಿಂದ ಸೋಲಾರ್ ಪ್ಲಾಂಟಿನವರು, ಎಲ್ಲರ ಕೈಯಲ್ಲೂ ಆ ಕರಿ ಡಬ್ಬಿ ಇರುತ್ತದೆ. ಎಲ್ಲರೂ ಅದನ್ನು ‘ಸೆಟ್ಟು’ ಅನ್ನುತ್ತಾರೆ, ಎಲ್ಲರೂ ಅದನ್ನು ಕೆಳಗೆ ಬೀಳಿಸುತ್ತಾರೆ, ಬೀಳಿಸಿದವರಲ್ಲಿ ಒಬ್ಬರೂ ಬೀಳಿಸಿದೆ ಎಂದು ಒಪ್ಪುವುದಿಲ್ಲ. “ಇದ್ದಕ್ಕಿದ್ದಂಗೆ ನಿಂತೋಯ್ತು ಕಣಮ್ಮ” ಅನ್ನುತ್ತಾರೆ. ಸೆಟ್ಟಿನ ಮೂಲೆಯಲ್ಲಿ ಅಂಟಿದ ಸಿಮೆಂಟನ್ನು ರಾಧಾಮಣಿ ಉಗುರಿನಿಂದ ಕೆರೆದು ಅವರ ಅಂಗೈಗೆ ಹಾಕುತ್ತಾಳೆ. ಮಾತು ಅಲ್ಲಿಗೆ ಮುಗಿಯುತ್ತದೆ.

ಮಧುಗಿರಿಯಲ್ಲಿ ಕಲ್ಯಾಣ ಮಂಟಪ ಇಟ್ಟುಕೊಂಡಿರುವ ಪರ್ವತಯ್ಯ ಒಮ್ಮೆ ಅವಳಿಗೇ ಟೋಪಿ ಹಾಕಲು ಬಂದಿದ್ದ. ರಿಪೇರಿ ಮಾಡಿಕೊಟ್ಟ ಸೆಟ್ಟನ್ನು ಹದಿನೈದೇ ದಿನದಲ್ಲಿ ವಾಪಸ್ ತಂದು ಮೇಜಿನ ಮೇಲೆ ಕುಕ್ಕಿದ.

“ಏನಮ್ಮಾ, ಮೂರು ತಿಂಗಳು ಗ್ಯಾರಂಟಿ ಅಂದಿದ್ದೆ? ಒಂದು ಮದುವೆಗೂ ಬರ್ಲಿಲ್ವಲ್ಲ.”

ರಾಧಾಮಣಿ ಬ್ಯಾಟರಿ ಹಾಕಿ, ಗುಂಡಿ ಒತ್ತಿ, ಪಕ್ಕದ ಲ್ಯಾಪ್‌ಟಾಪನ್ನು ನೋಡಿದಳು. ಮತ್ತೊಮ್ಮೆ ಒತ್ತಿದಳು.

“ಅಣ್ಣಾ, ಮೈ ನಾನು ಕೊಟ್ಟಿದ್ದೇ. ಒಳಗಿರೋ ಬೋರ್ಡು ಬೇರೆ ಸೆಟ್ಟಿಂದು. ನಂದು ಚೆನ್ನಾಗೇ ಓಡ್ತಿದೆ, ಕೆಟ್ಟೋಗಿರೋದಕ್ಕೆ ಇದರ ಅಂಗಿ ಹಾಕ್ಕೊಂಡು ಬಂದಿದ್ದೀರ.”

ಪರ್ವತಯ್ಯನ ಮುಖ ಊಟದ ಲೆಕ್ಕ ತಪ್ಪಿದ ಅಡುಗೆ ಭಟ್ಟನ ಮುಖದಂತಾಯಿತು. “ಬಿಚ್ಚಿ ನೋಡ್ದೆ ಹೆಂಗಮ್ಮಾ ಹೇಳ್ದೆ?”

“ಇದರ ಗಂಟಲು ಬೇರೆ.”

ಅವಳು ಗಂಟಲು ಎಂದದ್ದು ಇಷ್ಟು. ಸೆಟ್ಟಿನ ಗುಂಡಿ ಒತ್ತಿದ ಕೂಡಲೇ ಮಾತು ಹೊರಡುವುದಿಲ್ಲ. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತಿನಲ್ಲಿ ಅದು ತನ್ನ ಅಲೆಯನ್ನು ಹುಡುಕಿಕೊಳ್ಳುತ್ತದೆ, ಜನ ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಹಾಗೆ. ಒಂದು ಸೆಟ್ಟು ಮೇಲಿಂದ ಜಾರಿಕೊಂಡು ಬಂದು ನಿಲ್ಲುತ್ತದೆ. ಇನ್ನೊಂದು ಜಾಗ ದಾಟಿ ಮುಂದೆ ಹೋಗಿ ಹಿಂದಕ್ಕೆ ಬರುತ್ತದೆ. ಮತ್ತೊಂದು ಎರಡು ಸಲ ತಡವರಿಸಿ ಕೂರುತ್ತದೆ. ಒಂದೇ ಕಾರ್ಖಾನೆಯಲ್ಲಿ ಒಂದೇ ದಿನ ಹುಟ್ಟಿದ ಸೆಟ್ಟುಗಳಾದರೂ ಸರಿ, ಒಳಗಿನ ಸಣ್ಣ ಸಣ್ಣ ಬಿಡಿಭಾಗಗಳಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಆ ಹೆಚ್ಚುಕಮ್ಮಿ ಅಳಿಸುವುದು ಯಾರ ಕೈಯಲ್ಲೂ ಆಗುವುದಿಲ್ಲ. ಪೆನ್‌ಡ್ರೈವಿನಷ್ಟೇ ಇರುವ ಒಂದು ರಿಸೀವರನ್ನು ಲ್ಯಾಪ್‌ಟಾಪಿಗೆ ಚುಚ್ಚಿದರೆ ಆ ಜಾರಾಟ ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಅಂಗಡಿಯಿಂದ ಹೊರಗೆ ಹೋಗುವ ಪ್ರತಿ ಸೆಟ್ಟಿನ ಗೆರೆಯನ್ನೂ ರಾಧಾಮಣಿ ಹಿಡಿದಿಟ್ಟುಕೊಳ್ಳುತ್ತಾಳೆ. ಯಾವ ಕಾಲೇಜೂ ಅವಳಿಗೆ ಹಾಗೆ ಮಾಡು ಎಂದು ಹೇಳಿಕೊಟ್ಟಿರಲಿಲ್ಲ. ಗ್ಯಾರಂಟಿ ಹೆಸರಿನಲ್ಲಿ ಸೆಟ್ಟು ಬದಲಾಯಿಸುವ ಗಿರಾಕಿಗಳೇ ಕಲಿಸಿದರು.

ಪರ್ವತಯ್ಯ ನಗುತ್ತಾ ರಿಪೇರಿ ದುಡ್ಡು ಬಿಚ್ಚಿದ. ಆಮೇಲೆ ಅವನೇ ಮಧುಗಿರಿ ತುಂಬ ಅವಳ ಪ್ರಚಾರಕನಾದ. ಮೋಸ ಮಾಡಲು ಹೋಗಿ ಸಿಕ್ಕಿಬಿದ್ದವನು ಕೊಡುವ ಶಿಫಾರಸಿಗೆ ತೂಕ ಹೆಚ್ಚು.

ರಾಧಾಮಣಿ ಮಧುಗಿರಿಯ ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಕಲಿತಾಗ ಆ ತರಗತಿಯಲ್ಲಿ ಅವಳೊಬ್ಬಳೇ ಹುಡುಗಿ. ಮುಗಿಸಿ ಸಿರಾದಲ್ಲಿ ಅನ್ವರ್ ಸಾಬರ ರೇಡಿಯೋ, ಟಿವಿ ಅಂಗಡಿಗೆ ಸೇರಿದಳು. ಸಾಬರಿಗೆ ಆಗಲೇ ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಇಪ್ಪತ್ತರ ಹುಡುಗನದು. ಅವಳು ಸ್ಕ್ರೂ ಡ್ರೈವರ್ ಎತ್ತಿದರೆ ಸಾಕು, “ಪೆಹಲೆ ಸುನೋ ಬೇಟಿ, ಮೊದಲು ಕೇಳು” ಎಂದು ಕೈ ತಡೆಯುತ್ತಿದ್ದರು. “ಅದಕ್ಕೇನಾಗಿದೆ ಅಂತ ಅದೇ ಹೇಳ್ತಾ ಇದೆ. ನೀನು ಹೊಟ್ಟೆ ಕೊಯ್ಯೋಕೆ ಯಾಕೆ ಅರ್ಜೆಂಟು?” ಆರು ವರ್ಷ ಅವಳು ಕೇಳಿದಳು. ಏಳನೇ ವರ್ಷ ಪಾವಗಡಕ್ಕೆ ಮದುವೆಯಾಗಿ ಬಂದಳು. ಗಂಡ ಜಯರಾಮಯ್ಯ ಪಾವಗಡ–ಮಧುಗಿರಿ ಖಾಸಗಿ ಬಸ್ಸಿನಲ್ಲಿ ಕಂಡಕ್ಟರು. ಹೆಂಡತಿ ಅಂಗಡಿ ಇಡುತ್ತೇನೆ ಎಂದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: “ಬಸ್ ಸ್ಟ್ಯಾಂಡಿಗೆ ಹತ್ತಿರ ಇರ್ತದಾ? ಟೀ ಕುಡಿಯೋಕೆ ಬರಬೋದಾ?”

ನಿಡುಗಲ್ ದಾರಿಯಲ್ಲಿ ಒಣಭೂಮಿಯ ಮೇಲೆ ಖಾಸಗಿಯವರು ಹಾಕಿದ ಸೋಲಾರ್ ಪ್ಲಾಂಟೇ ಅವಳ ದೊಡ್ಡ ಗಿರಾಕಿ. ಒಟ್ಟು ಹನ್ನೆರಡು ಬ್ಲಾಕು, ಇಪ್ಪತ್ತಮೂರು ಸೆಟ್ಟು. ಪ್ರತಿ ಸೆಟ್ಟಿಗೂ ಒಳಗೆ ಒಂದು ನಂಬರು ಬರೆದಿರುತ್ತದೆ. ಗುಂಡಿ ಒತ್ತಿದರೆ ಚಿಟಿಕೆ ಹೊಡೆದಂಥ ಸದ್ದಿನ ಜೊತೆ ಆ ನಂಬರು ಕಂಟ್ರೋಲ್ ರೂಮಿಗೆ ಹೋಗಿ ಪರದೆಯ ಮೇಲೆ ಬೀಳುತ್ತದೆ. ಹದಿನಾಲ್ಕು ಬಿದ್ದರೆ ಆರನೇ ಬ್ಲಾಕಿನ ಕದರಪ್ಪ ಎಂದರ್ಥ.

ಈ ಅನುಕೂಲ ಬಂದಮೇಲೆ ಜನ ಹೆಸರು ಹೇಳುವುದನ್ನೇ ಬಿಟ್ಟರು. ಮೊದಮೊದಲು “ಕದರಪ್ಪ ಮಾತಾಡೋದು, ಆರನೇ ಬ್ಲಾಕು, ಎಲ್ಲಾರೂ ಹೊರಗೆ ಬಂದಿದ್ದೀವಿ, ಕರೆಂಟು ಕೊಡಿ” ಅನ್ನುತ್ತಿದ್ದವರು, ವರ್ಷ ಕಳೆಯುವುದರೊಳಗೆ “ಕ್ಲಿಯರ್ ಸಾರ್, ಕೊಡಿ” ಎಂಬಲ್ಲಿಗೆ ಬಂದರು. ನಂಬರು ಪರದೆ ಮೇಲೆ ಬರ್ತದಲ್ಲ, ಹೆಸರು ಯಾಕೆ? ಒಂದು ಮಾತು ಉಳಿಯಿತು ಎಂದು ಎಲ್ಲರಿಗೂ ಸಮಾಧಾನ. ಕೆಲಸ ನಡೆಯುವಾಗ ಸ್ವಿಚ್ಚಿಗೆ ಬೀಗ ಹಾಕಬೇಕು ಎಂಬ ನಿಯಮವೂ ಇತ್ತು. ನಿಯಮ ಗೋಡೆಯ ಮೇಲಿತ್ತು, ಬೀಗಗಳು ಕಪಾಟಿನಲ್ಲಿದ್ದವು, ಕಪಾಟಿನ ಕೀಲಿ ರಜೆಯ ಮೇಲಿದ್ದ ಸ್ಟೋರ್ ಕೀಪರ್ ಬಳಿ ಇತ್ತು.

ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕಂಟ್ರೋಲ್ ರೂಮಿಗೆ “ಕ್ಲಿಯರ್ ಸಾರ್, ಕೊಡಿ” ಎಂಬ ಮಾತು ಬಂತು. ಪರದೆಯ ಮೇಲೆ ಹದಿನಾಲ್ಕು. ಅಲ್ಲಿ ಕುಳಿತಿದ್ದವನು ಆರನೇ ಬ್ಲಾಕಿಗೆ ಕರೆಂಟು ಕೊಟ್ಟ. ಆರನೇ ಬ್ಲಾಕಿನ ಪೆಟ್ಟಿಗೆಯೊಳಗೆ ಚಿಕ್ಕಹನುಮಯ್ಯ ಕೇಬಲ್ ಬಿಗಿ ಮಾಡುತ್ತಿದ್ದ. ಬೆಂಕಿಯ ಉಂಡೆ ಎದ್ದು ಅವನನ್ನು ನಾಲ್ಕಡಿ ಆಚೆ ಎಸೆಯಿತು. ಜೀವ ಉಳಿಯಿತು. ಬಲಗೈ ಮೊಣಕೈವರೆಗೆ ಸುಟ್ಟಿತು.

ಕದರಪ್ಪ ಮತ್ತು ಚಿಕ್ಕಹನುಮಯ್ಯ ಪ್ಲಾಂಟು ಬರುವ ಮುಂಚಿನಿಂದಲೇ, ಹನ್ನೆರಡು ವರ್ಷದ ಜೊತೆಗಾರರು, ಒಂದೇ ಬೈಕಿನಲ್ಲಿ ಬರುವವರು. ಅವನನ್ನು ಎತ್ತಿ ಜೀಪಿಗೆ ಹಾಕಿದವನೂ ಕದರಪ್ಪನೇ. ಆಸ್ಪತ್ರೆಯಿಂದ ತಿರುಗಿ ಬರುವಷ್ಟರಲ್ಲಿ ಗೇಟಿನಲ್ಲಿ ಕಾಗದ ಕಾಯುತ್ತಿತ್ತು: ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರುವಂತಿಲ್ಲ. ಅದರ ಮೇಲೆ ಪೊಲೀಸ್ ಕಂಪ್ಲೇಂಟು ಕೊಡುವುದೋ ಬಿಡುವುದೋ ಎಂದು ತೀರ್ಮಾನವಾಗುತ್ತದೆ.

ಮೂರನೇ ದಿನ ಕದರಪ್ಪನ ಹೆಂಡತಿ ಈಶ್ವರಮ್ಮ ರಾಧಾಮಣಿಯ ಅಂಗಡಿಗೆ ಬಂದು ಕೂತಳು.

“ಅವರು ಗುಂಡಿನೇ ಒತ್ತಿಲ್ಲ ಅಂತಾರೆ ಕಣಮ್ಮಾ. ಯಾರೂ ನಂಬಲ್ಲ. ಚಿಕ್ಕಹನುಮಣ್ಣನ ಮನೆಗೆ ಹೋದ್ರೆ ಬಾಗ್ಲು ಹಾಕ್ಕೊಂಡ್ರು. ಮನುಷ್ಯ ಮೂರು ದಿನದಿಂದ ಅನ್ನ ಮುಟ್ಟಿಲ್ಲ, ‘ನೇನು ಒತ್ತಲೇದು, ನೇನು ಒತ್ತಲೇದು’ ಅಂತ ತೆಲುಗಿನಲ್ಲಿ ಒಬ್ಬೊಬ್ರೇ ಅಂದ್ಕೊಂತಾರೆ. ಸೆಟ್ಟು ನೀನೇ ನೋಡ್ಕೊಳ್ಳೋದಲ್ಲ, ತಾನಾಗೇ ಮಾತಾಡೋದುಂಟಾ?”

ರಾಧಾಮಣಿಗೆ ಕದರಪ್ಪನ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಮೊದಲ ಸಲ ಪ್ಲಾಂಟಿಗೆ ಹೋದಾಗ ಗೇಟಿನಲ್ಲಿ ಅವಳ ಟೂಲ್ ಬ್ಯಾಗು ನೋಡಿ ಅವನು, “ಏಮ್ಮಾ, ಮಿಕ್ಸಿ ರಿಪೇರಿನಾ? ಕ್ಯಾಂಟೀನು ಆ ಕಡೆ” ಎಂದಿದ್ದ. ಅವಳು ಮರೆತಿರಲಿಲ್ಲ. ವ್ಯಾಪಾರ ಮಾಡುವವರು ಬೈಸಿಕೊಂಡಿದ್ದನ್ನು ಮರೆಯುವುದಿಲ್ಲ, ತೋರಿಸುವುದಿಲ್ಲ ಅಷ್ಟೆ.

“ತಾನಾಗೇ ಮಾತಾಡಲ್ಲ ಈಶ್ವರಕ್ಕ. ಯಾರೋ ಮಾತಾಡಿದ್ದಾರೆ. ಅದು ರೆಕಾರ್ಡ್ ಆಗಿರ್ತದಲ್ಲ?”

ಈಶ್ವರಮ್ಮ ಸೆರಗಿನ ಗಂಟಿನಿಂದ ಫೋನು ತೆಗೆದಳು. ಯಾರೋ ಕನಿಕರಪಟ್ಟು ವಾಟ್ಸಾಪಿನಲ್ಲಿ ಕಳಿಸಿದ್ದರು. ಗಾಳಿಯ ಮೊರೆತದಲ್ಲಿ ಮೂರು ಪದ. ಕದರಪ್ಪನೂ ಇರಬಹುದು, ಕಾಳಪ್ಪನೂ ಇರಬಹುದು. ರಾಧಾಮಣಿ ಮೂರು ಸಲ ಕೇಳಿ ಫೋನು ವಾಪಸ್ ಕೊಟ್ಟಳು.

“ಇದರಲ್ಲಿ ಆಗಲ್ಲಕ್ಕ. ಫೋನಿಂದ ಫೋನಿಗೆ ಹಾರಿ ಅರ್ಧ ಸದ್ದು ನುಂಗಿಹೋಗಿದೆ. ಮೂಲದ್ದೇ ಬೇಕು. ನಾಳೆ ಪ್ಲಾಂಟಿಗೆ ಹೋಗ್ತೀನಿ. ಸೆಟ್ಟು ಹೆಂಗೂ ನನ್ನ ಕೈ ಕೆಲಸ, ಕೇಳೋಕೆ ಹಕ್ಕಿದೆ.”

ವಿಚಾರಣೆ ಮಾಡುತ್ತಿದ್ದವನು ಯುವರಾಜ್, ಕೊರಟಗೆರೆ ಕಡೆಯ ಹುಡುಗ, ಸುರಕ್ಷತಾ ಅಧಿಕಾರಿ. ಇಸ್ತ್ರಿ ಕೆಡದ ಅಂಗಿ, ಕೆಡದ ಅನುಮಾನ. “ಮೇಡಂ, ಪರದೆ ಮೇಲೆ ಹದಿನಾಲ್ಕು ಅಂತ ಬಂದಿದೆ. ಯಂತ್ರ ಸುಳ್ಳು ಹೇಳುತ್ತಾ?” ಎಂದ.

“ಯಂತ್ರ ಅದಕ್ಕೆ ಹೇಳಿಕೊಟ್ಟಿದ್ದನ್ನ ಹೇಳ್ತದೆ ಸಾರ್. ನಂಬರು ಅನ್ನೋದು ಅಂಗಿ ಮೇಲೆ ಚುಚ್ಚಿದ ಬಿಲ್ಲೆ. ಯಾರು ಬೇಕಾದ್ರೂ ಚುಚ್ಕೋಬೋದು. ನಂಗೆ ಆ ದಿನದ ಪೂರ್ತಿ ರೆಕಾರ್ಡಿಂಗ್ ಕೊಡಿ. ಹೆಚ್ಚು ಹೊತ್ತು ಬೇಡ.”

ಅವನು ನಂಬಿ ಕೊಡಲಿಲ್ಲ. ಕೊಡದಿದ್ದರೆ ಮುಂದೆ ತನ್ನನ್ನು ಯಾರಾದರೂ ಕೇಳಿಯಾರು ಎಂದು ಕೊಟ್ಟ. ಅದೂ ನಡೆಯುತ್ತದೆ.

ಅಂಗಡಿಗೆ ಬಂದು ಬಾಗಿಲನ್ನು ಅರ್ಧ ಎಳೆದು ಅವಳು ಕಿವಿಗೆ ಹೆಡ್‌ಫೋನ್ ಏರಿಸಿದಳು. ಬೆಳಿಗ್ಗೆ ಎಂಟರಿಂದ ಹತ್ತೂವರೆವರೆಗೆ ಕದರಪ್ಪ ಒಂಬತ್ತು ಸಲ ಮಾತಾಡಿದ್ದ. ಒಂಬತ್ತೂ ಸಲ ಮಾತಿಗೆ ಮುಂಚೆ ಗಟ್ಟಿಯಾಗಿ ಒಂದು ‘ಟಕ್’. ಹದಿನಾಲ್ಕನೇ ಸೆಟ್ಟು ಅವಳಿಗೆ ಗೊತ್ತಿದ್ದದ್ದೇ ಹಾಗೆ, ಒತ್ತಿದ ತಕ್ಷಣ ಜಾಗಕ್ಕೆ ಕೂರುವಂಥದ್ದು. ಹನ್ನೊಂದಕ್ಕೆ ಬಂದ ಮಾತಿನ ಮುಂದೆ ಆ ಟಕ್ ಇರಲಿಲ್ಲ. ‘ಟುಯ್’ ಎಂದು ಮೇಲಿಂದ ಕೆಳಕ್ಕೆ ಜಾರಿ, ಒಂದು ಕುಲುಕಾಟ ಕುಲುಕಿ, ಆಮೇಲೆ “ಕ್ಲಿಯರ್ ಸಾರ್.”

ಅವಳು ಆ ತುಣುಕುಗಳನ್ನು ಪರದೆಯ ಮೇಲೆ ಗೆರೆಯಾಗಿ ಬಿಡಿಸಿದಳು. ಒಂಬತ್ತು ಗೆರೆ ಒಂದರ ಮೇಲೊಂದು ಇಟ್ಟರೆ ಒಂದೇ ಗೆರೆ. ಹತ್ತನೆಯದು ಬೇರೆ ದಿಕ್ಕಿಗೆ ಹೋಗುತ್ತಿತ್ತು.

“ನೀನಲ್ಲ ಕದರಪ್ಪಣ್ಣ” ಎಂದು ಅವಳು ಖಾಲಿ ಅಂಗಡಿಗೆ ಹೇಳಿದಳು. ಅಧಿಕಾರಿಗೆ ಕಾಣದ್ದು, ಪರದೆಗೆ ಕಾಣದ್ದು ತನ್ನ ಕಿವಿಗೆ ಸಿಕ್ಕಿತಲ್ಲ ಎಂಬ ಹಮ್ಮು. ಆ ಹಮ್ಮಿಗೆ ಕಾಲು ಗಂಟೆಯ ಆಯಸ್ಸು ಸಿಕ್ಕಿತು.

ಏಕೆಂದರೆ ಆಮೇಲೆ ಅವಳು ಆ ಕುಲುಕುವ ಗಂಟಲು ಯಾರದು ಎಂದು ತಾನು ಹಿಡಿದಿಟ್ಟ ಗೆರೆಗಳಲ್ಲಿ ಹುಡುಕಿದಳು. ಸಿಕ್ಕಿತು. ಇಪ್ಪತ್ತನೇ ಸೆಟ್ಟು. ಎರಡು ತಿಂಗಳ ಹಿಂದೆ ನೀರು ಕುಡಿದು ಸತ್ತಿದ್ದ ಅದಕ್ಕೆ ಅವಳೇ ಹಳೇ ಸೆಟ್ಟಿನ ಭಾಗ ಹಾಕಿ ಜೀವ ಕೊಟ್ಟಿದ್ದಳು. ಜೀವ ಬಂದ ಸೆಟ್ಟಿಗೆ ಚಾನೆಲ್ಲು, ನಂಬರು ಎಲ್ಲ ಹೊಸದಾಗಿ ತುಂಬಬೇಕು. ಒಂದೊಂದೇ ತುಂಬುವ ಬದಲು ಪಕ್ಕದಲ್ಲಿರುವ ಒಳ್ಳೆ ಸೆಟ್ಟಿನಿಂದ ಎಲ್ಲವನ್ನೂ ಒಟ್ಟಿಗೆ ನಕಲು ಮಾಡಿ, ಕೊನೆಯಲ್ಲಿ ನಂಬರೊಂದನ್ನು ಬದಲಾಯಿಸುವುದು ಈ ಕಸುಬಿನವರೆಲ್ಲರ ಪದ್ಧತಿ. ಆ ದಿನ ಪಕ್ಕದಲ್ಲಿದ್ದದ್ದು ಹದಿನಾಲ್ಕು. ಫೈಲು ತೆರೆದು ನೋಡಿದಳು. ಕೊನೆಯ ಕೆಲಸ ಆಗಿರಲಿಲ್ಲ. ಮೇಲೆ ಇಪ್ಪತ್ತು ಎಂದು ಸ್ಟಿಕರ್ ಅಂಟಿಸಿದ್ದಳು, ಒಳಗೆ ಹದಿನಾಲ್ಕೇ ಉಳಿದಿತ್ತು.

ಪ್ಲಾಂಟಿಗೆ ಫೋನು ಮಾಡಿ ಆ ಸೆಟ್ಟು ಯಾರ ಬಳಿ ಇತ್ತೆಂದು ಕೇಳಿದಾಗ ಎಲ್ಲ ಅರ್ಥವಾಯಿತು. ಇಪ್ಪತ್ತನೇ ಸೆಟ್ಟು ಇದ್ದದ್ದು ಒಂಬತ್ತನೇ ಬ್ಲಾಕಿನ ಸ್ಟೋರಿನಲ್ಲಿ, ಬಿಡಿ ಸೆಟ್ಟಾಗಿ. ಆ ಮಂಗಳವಾರ ಮೊದಲ ಸಲ ಅದನ್ನು ಹುಲ್ಲು ಕೊಯ್ಯುವವರ ಮೇಸ್ತ್ರಿ ಅಂಜನ್ ಕುಮಾರನ ಕೈಗೆ ಕೊಟ್ಟಿದ್ದರು. ಅವನು ತನ್ನ ಜನರನ್ನು ಹೊರಗೆ ಕರೆಸಿ, ಪ್ರಾಮಾಣಿಕವಾಗಿ ಗುಂಡಿ ಒತ್ತಿ, ಎಲ್ಲರಂತೆ ಹೆಸರು ಹೇಳದೆ “ಕ್ಲಿಯರ್ ಸಾರ್, ಕೊಡಿ” ಎಂದು ಊಟಕ್ಕೆ ಹೋಗಿದ್ದ. ಅವನ ಒಂಬತ್ತನೇ ಬ್ಲಾಕು ಸಂಜೆವರೆಗೆ ಕರೆಂಟಿಲ್ಲದೆ ಬಿದ್ದಿದ್ದನ್ನು ಅಪಘಾತದ ಗದ್ದಲದಲ್ಲಿ ಯಾರೂ ಕೇಳಲಿಲ್ಲ.

ಮಧ್ಯಾಹ್ನ ಟೀ ಕುಡಿಯಲು ಬಂದ ಜಯರಾಮಯ್ಯ ಹೆಂಡತಿಯ ಮುಖ ನೋಡಿ ಟಿಕೆಟ್ ಚೀಲ ಕೆಳಗಿಟ್ಟ. ಅವಳು ಎಲ್ಲವನ್ನೂ ಹೇಳಿದಳು.

“ಅಂದ್ರೆ ಕದರಪ್ಪಂದಲ್ಲ ಅಂತ ಹೇಳಿದ್ರೆ, ನಿಂದು ಅಂತ ಹೇಳ್ದಂಗೆ.”

“ಹೂಂ.”

“ಅದಲ್ಲ ಇದು ಅಂತ ಮಾತ್ರ ಹೇಳು. ಎರಡರಲ್ಲೂ ಒಂದೇ ನಂಬರು ಹೆಂಗೆ ಬಂತು ಅಂತ ಅವರೇ ತಲೆ ಕೆಡಿಸ್ಕೊಳ್ಲಿ.”

“ಆ ಹುಡುಗ ಮೊದಲು ಕೇಳೋದೇ ಅದನ್ನ ರೀ.”

“ಗೊತ್ತಿಲ್ಲ ಅನ್ನು.”

ರಾಧಾಮಣಿ ಟೀ ಲೋಟ ಅವನ ಮುಂದೆ ಇಟ್ಟಳು. “ಯಾರ ಗಂಟಲು ಯಾವುದು ಅಂತ ಬಿಚ್ಚದೆ ಹೇಳೋಳು, ನನ್ನ ಕೈ ಕೆಲಸ ಗೊತ್ತಿಲ್ಲ ಅಂದ್ರೆ ಯಾರು ನಂಬ್ತಾರೆ? ಒಂದು ನಿಜ, ಒಂದು ಸುಳ್ಳು ಒಂದೇ ಬಾಯಲ್ಲಿ ಬಂದ್ರೆ ಎರಡೂ ಕೆಡ್ತವೆ. ಕದರಪ್ಪ ಅಲ್ಲೇ ಮುಳುಗೋಗ್ತಾನೆ.”

ಜಯರಾಮಯ್ಯ ಟೀ ಮುಗಿಸಿ ಲೋಟ ಕೆಳಗಿಟ್ಟ. ಹದಿನೆಂಟು ವರ್ಷ ಚಿಲ್ಲರೆ ವಿಷಯಕ್ಕೆ ಜನರೊಂದಿಗೆ ಜಗಳವಾಡಿದವನಿಗೆ ಯಾವ ಜಗಳ ಗೆಲ್ಲುವಂಥದ್ದಲ್ಲ ಎಂದು ಗೊತ್ತಿರುತ್ತದೆ. “ಆ ಪ್ಲಾಂಟು ಹೋದ್ರೆ ಅರ್ಧ ಅಂಗಡಿ ಹೋಯ್ತು ಅಂತ ತಿಳ್ಕೊ” ಎಂದ. ಬಾಗಿಲ ಬಳಿ ನಿಂತು, “ಶುಕ್ರವಾರ ತಾನೇ ವಿಚಾರಣೆ? ಮೊದಲ ಟ್ರಿಪ್ಪಿಗೆ ರಜಾ ಹಾಕ್ತೀನಿ. ಲ್ಯಾಪ್‌ಟಾಪು ಬೈಕಲ್ಲಿ ಕುಲುಕಬಾರ್ದಲ್ಲ, ಹಿಂದೆ ಹಿಡ್ಕೊಂಡು ಕೂತ್ಕೊ” ಎಂದು ಸೇರಿಸಿದ.

ಶುಕ್ರವಾರ ಪ್ಲಾಂಟಿನ ಮೀಟಿಂಗ್ ರೂಮಿನಲ್ಲಿ ಮ್ಯಾನೇಜರ್ ಆಶಾರಾಣಿ, ಯುವರಾಜ್, ಗೋಡೆಗೆ ಒರಗಿ ಕದರಪ್ಪ, ಅವನಿಂದ ಎಷ್ಟು ದೂರ ಕೂರಬಹುದೋ ಅಷ್ಟು ದೂರದಲ್ಲಿ ಕೈಗೆ ಬ್ಯಾಂಡೇಜು ಸುತ್ತಿಕೊಂಡ ಚಿಕ್ಕಹನುಮಯ್ಯ. ಹತ್ತು ದಿನದಿಂದ ಅವನು ಕದರಪ್ಪನ ಮುಖ ನೋಡಿರಲಿಲ್ಲ. ಒಳಗೆ ಬಂದು ಕೂರುವಾಗಲೂ ನೋಡಲಿಲ್ಲ.

ರಾಧಾಮಣಿ ಗೆರೆಗಳನ್ನು ತೋರಿಸಿದಳು. ಆಶಾರಾಣಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, “ನಂಗೆ ಎಲ್ಲಾ ಹಾವು ಹರಿದಂಗೆ ಕಾಣ್ತಿದೆ” ಅಂದಳು.

“ಪರೀಕ್ಷೆ ಮಾಡೋಣ” ಎಂದ ಯುವರಾಜ್. ಅವನ ದನಿಯಲ್ಲಿ ಸಣ್ಣ ಖುಷಿಯಿತ್ತು. “ಎಲ್ಲಾ ಸೆಟ್ಟೂ, ನಂಬರು ಬೀಳೋ ಪರದೆನೂ ಇಲ್ಲಿಗೆ ತರಿಸ್ತೀನಿ. ಸ್ಟಿಕರ್ ಮೇಲೆ ಟೇಪು ಸುತ್ತಿ, ನಾನು ಆಚೆ ರೂಮಲ್ಲಿ ಒಂದೊಂದೇ ಒತ್ತುತೀನಿ, ಮಾತಾಡಲ್ಲ. ಪರದೆ ಮೇಲೆ ನಂಬರು ಬರೋ ಕಡೆ ಇವರು ಬೆನ್ನು ಮಾಡಿ ಕೂತ್ಕೊಳ್ಲಿ. ಹೇಳ್ಲಿ ನೋಡೋಣ.”

“ಹೆಡ್‌ಫೋನು, ಲ್ಯಾಪ್‌ಟಾಪು ಎರಡೂ ಇಟ್ಕೊಂಬೋದಾ?”

“ಇಟ್ಕೊಳ್ಳಿ.”

ಒತ್ತುವುದು ಶುರುವಾಯಿತು. “ಮೂರು” ಎಂದಳು ರಾಧಾಮಣಿ. ಪರದೆ ನೋಡುತ್ತಿದ್ದ ಆಶಾರಾಣಿ ಹೂಂ ಎಂದಳು. “ಹದಿನೇಳು. ಬ್ಯಾಟರಿ ಬದಲಾಯಿಸಿ ಮೇಡಂ, ಇದು ಸಾಯ್ತಾ ಇದೆ.” ಹೂಂ. “ಎಂಟು.” ಹೂಂ. “ಇದೂ ಎಂಟೇ. ಆ ಹುಡುಗ ನನ್ನ ಪರೀಕ್ಷೆ ಮಾಡೋಕೆ ಎರಡನೇ ಸಲ ಒತ್ತಿದ್ದಾನೆ.” ಗೋಡೆಗೆ ಒರಗಿದ್ದ ಕದರಪ್ಪ ಹತ್ತು ದಿನದಲ್ಲಿ ಮೊದಲ ಸಲ ನಕ್ಕ. ಆ ನಗು ಚಿಕ್ಕಹನುಮಯ್ಯನ ಕಿವಿಗೆ ಬಿತ್ತು, ಅವನು ಕಿಟಕಿಯ ಕಡೆ ತಿರುಗಿಕೊಂಡ.

ಹನ್ನೆರಡನೇ ಸಲವೋ ಹದಿಮೂರನೇ ಸಲವೋ ಒತ್ತಿದಾಗ ರಾಧಾಮಣಿ ಲ್ಯಾಪ್‌ಟಾಪಿನ ಕಡೆ ಬಾಗಿದಳು. ಮತ್ತೊಮ್ಮೆ ಒತ್ತಿಸಿ ಎಂದು ಕೈ ಮಾಡಿದಳು. ಒತ್ತಿದ. ತಲೆ ಅಲ್ಲಾಡಿಸಿದಳು.

“ಗೊತ್ತಾಗ್ತಿಲ್ವಾ?” ಎಂದಳು ಆಶಾರಾಣಿ.

“ಇದು ನನಗೆ ಗೊತ್ತಿಲ್ಲ. ನನ್ನ ಅಂಗಡಿಗೆ ಇದು ಯಾವತ್ತೂ ಬಂದಿಲ್ಲ.”

ಆಚೆ ರೂಮಿನ ಬಾಗಿಲು ತೆರೆದು ಯುವರಾಜನೇ ಹೊರಗೆ ಬಂದ. ಅವನ ಕೈಯಲ್ಲಿದ್ದ ಸೆಟ್ಟಿನ ಹಿಂಬದಿಗೆ ಇನ್ನೂ ಪ್ಲಾಸ್ಟಿಕ್ ಹಾಳೆ ಅಂಟಿಕೊಂಡಿತ್ತು. “ನಿನ್ನೆ ತುಮಕೂರಿಂದ ತಂದಿದ್ದು. ಇಪ್ಪತ್ತನಾಲ್ಕನೇದು” ಎಂದ. ಅಲ್ಲಿಯವರೆಗೆ ಅವಳು ಸರಿಯಾಗಿ ಹೇಳಿದ ಸೆಟ್ಟುಗಳೆಲ್ಲ ಸೇರಿ ಮಾಡಲಾಗದ ಕೆಲಸವನ್ನು ಗೊತ್ತಿಲ್ಲ ಎಂದ ಈ ಒಂದು ಸೆಟ್ಟು ಮಾಡಿತು. ಅವನು ಮೊದಲ ಸಲ ಅವಳನ್ನು ‘ಮೇಡಂ’ ಎನ್ನದೆ ಕರೆದ: “ಮುಂದಕ್ಕೆ ಹೋಗೋಣ, ಅಕ್ಕ.”

ಮತ್ತೆ ಒಳಗೆ ಹೋಗಿ ಒತ್ತಿದ. “ಹದಿನಾಲ್ಕು” ಎಂದಳು ರಾಧಾಮಣಿ. ಹೂಂ ಎಂದಳು ಆಶಾರಾಣಿ. ಮತ್ತೆ ನಾಲ್ಕೈದು ಸೆಟ್ಟು. ಆಮೇಲೆ ‘ಟುಯ್’ ಎಂದು ಜಾರಿತು. ರಾಧಾಮಣಿ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು.

“ಇಪ್ಪತ್ತು.”

“ಅಲ್ಲ. ಇಲ್ಲಿ ಹದಿನಾಲ್ಕು ಅಂತ ಬರ್ತಿದೆ. ಈಗ ತಪ್ಪಿದ್ರಿ.”

“ನಾನು ತಪ್ಪಿಲ್ಲ ಮೇಡಂ. ಸಾರ್, ಟೇಪು ಬಿಚ್ಚಿ ನೋಡಿ.”

ಯುವರಾಜ್ ಹೊರಗೆ ಬಂದು ಎಲ್ಲರ ಎದುರಿಗೇ ಟೇಪು ಬಿಚ್ಚಿದ. ಸ್ಟಿಕರಿನಲ್ಲಿ ಇಪ್ಪತ್ತು. ಗುಂಡಿ ಒತ್ತಿದ. ಪರದೆಯಲ್ಲಿ ಹದಿನಾಲ್ಕು. ಕದರಪ್ಪ ಗೋಡೆ ಬಿಟ್ಟು ನೆಟ್ಟಗೆ ನಿಂತ.

“ಹನ್ನೊಂದಕ್ಕೆ ಮಾತಾಡಿದ್ದು ಈ ಸೆಟ್ಟು” ಎಂದಳು ರಾಧಾಮಣಿ. “ಒಂಬತ್ತನೇ ಬ್ಲಾಕಲ್ಲಿತ್ತು. ಅಂಜನ್ ಕುಮಾರ್ ತನ್ನ ಬ್ಲಾಕಿಗೆ ಸರಿಯಾಗೇ ಹೇಳಿದ್ದಾನೆ, ಅವನದೂ ತಪ್ಪಿಲ್ಲ. ಎರಡು ತಿಂಗಳ ಹಿಂದೆ ಇದನ್ನ ರಿಪೇರಿ ಮಾಡಿದ್ದು ನಾನು. ಹದಿನಾಲ್ಕರಿಂದ ನಕಲು ಮಾಡಿ ನಂಬರು ಬದಲಾಯಿಸೋದು ಬಿಟ್ಟಿದ್ದೂ ನಾನೇ.”

ಯುವರಾಜ್ ಅಂಜನ್ ಕುಮಾರನಿಗೆ ಫೋನು ಮಾಡಿ ಎಲ್ಲರಿಗೂ ಕೇಳುವಂತೆ ಇಟ್ಟ. “ಹೌದು ಸಾರ್, ನಾನೇ ಹೇಳ್ದೆ. ಹನ್ನೊಂದಕ್ಕೆ. ನಮ್ಮ ಬ್ಲಾಕಿಗೆ. ಯಾಕೆ ಸಾರ್, ಕರೆಂಟು ಕೊಡ್ಲಿಲ್ವಾ?” ಎಂದಿತು ಆ ಮುಗ್ಧ ದನಿ.

ರಾಧಾಮಣಿ ಎದ್ದು ಚಿಕ್ಕಹನುಮಯ್ಯನ ಹತ್ತಿರ ಹೋಗಿ ನಿಂತಳು. ಆ ಕೋಣೆಯಲ್ಲಿ ಅವಳಿಗೆ ಕಷ್ಟವಾದ ಕೆಲಸ ಇದೊಂದೇ.

“ಚಿಕ್ಕಹನುಮಣ್ಣ, ನಿಮ್ಮ ಕೈ ಸುಟ್ಟಿದ್ದು ನನ್ನ ಕೆಲಸದಿಂದ. ಏನು ಅನ್ನೋದಿದ್ರೂ ನನ್ನ ಅನ್ನಿ.”

ಅವನು ಬ್ಯಾಂಡೇಜನ್ನು ನೋಡಿಕೊಂಡ. ಅವಳನ್ನು ನೋಡಿದ. ಬಯ್ಯಲು ಬಾಯಿ ತೆರೆದದ್ದು ಎಲ್ಲರಿಗೂ ಕಂಡಿತು.

“ನೋವಾಯ್ತು ಕಣಮ್ಮ. ಇಲ್ಲ ಅನ್ನಲ್ಲ. ಈಗ್ಲೂ ಹೆಬ್ಬೆಟ್ಟು ಮಡಚಕಾಗಲ್ಲ” ಎಂದ. “ಬೀಗ ಹಾಕ್ದೆ ಕೈ ಇಟ್ಟೋನು ನಾನು, ಅದೂ ಇದೆ. ಆದ್ರೆ ಕೈಗಿಂತ ಜಾಸ್ತಿ ಉರೀತಿದ್ದಿದ್ದು ಬೇರೆ. ಇವನು ಇಂಗೆ ಮಾಡ್ಬುಟ್ನಲ್ಲ ಅಂತ.” ಅವನು ಕೊನೆಗೂ ಕದರಪ್ಪನ ಕಡೆ ತಿರುಗಿದ. “ಲೇ, ನಿಂತ್ಕೊಂಡೇ ಇರ್ತೀಯಾ? ಬಾ ಕೂತ್ಕೊ.”

ಕದರಪ್ಪ ಬಂದು ಪಕ್ಕದ ಕುರ್ಚಿಯಲ್ಲಿ ಕೂತ. “ಬಾಗ್ಲು ಹಾಕ್ಕೊಂಡೆಯಲ್ಲೋ ನನ್ನ ಹೆಂಡ್ತಿ ಮುಖಕ್ಕೆ” ಅಂದ. “ಹೂಂ ಕಣ್ಲಾ, ಹಾಕ್ಕೊಂಡೆ” ಅಂದ ಚಿಕ್ಕಹನುಮಯ್ಯ. ಇಬ್ಬರೂ ನೆಲ ನೋಡುತ್ತಾ ಕೂತರು. ಹನ್ನೆರಡು ವರ್ಷದ ಜೊತೆಗಾರಿಕೆಯಲ್ಲಿ ಅದಕ್ಕಿಂತ ದೊಡ್ಡ ಕ್ಷಮಾಪಣೆ ಇಬ್ಬರಿಗೂ ಬರುತ್ತಿರಲಿಲ್ಲ.

ವರದಿ ಬರೆಯುವ ಹೊತ್ತಿಗೆ ಆಶಾರಾಣಿ ಮ್ಯಾನೇಜರ್ ಆಗಿದ್ದು ಸುಮ್ಮನೆ ಅಲ್ಲ ಎಂದು ಗೊತ್ತಾಯಿತು. ಸುಟ್ಟ ಕೈ, ಹಾಕದ ಬೀಗ, ಒಂದೇ ನಂಬರಿನ ಎರಡು ಸೆಟ್ಟು, ಇವೆಲ್ಲವನ್ನೂ ಎರಡೇ ಪದದಲ್ಲಿ ಕಟ್ಟಿ ಮುಗಿಸಲು ನೋಡಿದಳು. “ತಾಂತ್ರಿಕ ದೋಷ ಅಂತ ಹಾಕಿಬಿಡಿ ಯುವರಾಜ್. ಕದರಪ್ಪನಿಗೆ ಸಂಬಂಧ ಇಲ್ಲ ಅಂತ ಬರೀರಿ. ಈ ಯಮ್ಮನ ಹೆಸರು ಯಾಕೆ ಪಾಪ, ಬಿಡಿ. ತಾವಾಗೇ ಒಪ್ಕೊಂಡಿದ್ದಾರಲ್ಲ.”

ಬೇರೆ ಯಾರಾದರೂ ಆಗಿದ್ದರೆ ಆ ‘ಪಾಪ’ವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಜಯರಾಮಯ್ಯನ ಮುಖ ಇಟ್ಟುಕೋ ಇಟ್ಟುಕೋ ಎಂದು ಬೇಡುತ್ತಿತ್ತು.

“ಅಂಗೆ ಬೇಡ ಮೇಡಂ” ಎಂದಳು ರಾಧಾಮಣಿ. “ತಾಂತ್ರಿಕ ದೋಷ ಅಂತ ಬರೆದ್ರೆ ನಾಳೆ ಪಾವಗಡದ ಹೋಟ್ಲಲ್ಲಿ ಕದರಪ್ಪನ್ನ ಉಳಿಸೋಕೆ ಏನೋ ಗೀಚಿದ್ರು ಅಂತಾರೆ. ದೋಷಕ್ಕೆ ಹೆಸರಿದ್ರೆ ಬೇರೆಯೋರ ಹೆಸರು ಬಿಡುಗಡೆ ಆಗ್ತದೆ. ನಂದು ಹಾಕಿ. ಮಾಡಿದ್ದು ರಾಧಾಮಣಿ ಅಂತ ಹಾಕಿ. ಕಂಡುಹಿಡಿದಿದ್ದೂ ರಾಧಾಮಣಿ ಅಂತ ಹಾಕಿ. ಒಂದನ್ನ ಬಿಟ್ಟು ಇನ್ನೊಂದನ್ನ ಬರೆದ್ರೆ ನಾನು ಸಹಿ ಹಾಕಲ್ಲ.”

ಆಶಾರಾಣಿ ಕನ್ನಡಕದ ಮೇಲಿಂದ ನೋಡಿದಳು. “ಅಂಗೆ ಬರೆದ್ರೆ ನಿಮಗೆ ಆರು ತಿಂಗಳು ಕೆಲಸ ಕೊಡೋಕಾಗಲ್ಲ. ನಿಯಮ ಇದೆ. ಗೊತ್ತಾ?”

“ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತು. ಬರೀರಿ.”

ಯುವರಾಜ್ ಬರೆದ. ಸೆಟ್ಟಿನ ನಂಬರನ್ನು ಮಾತ್ರ ನಂಬುವಂತಿಲ್ಲ, ಮಾತಾಡುವವರು ಹೆಸರು ಮತ್ತು ಬ್ಲಾಕು ಹೇಳಲೇಬೇಕು, ಬೀಗದ ಕಪಾಟಿನ ಕೀಲಿ ಕಂಟ್ರೋಲ್ ರೂಮಿನಲ್ಲಿರಬೇಕು, ರಿಪೇರಿಯಾಗಿ ಬಂದ ಪ್ರತಿ ಸೆಟ್ಟಿನ ಗೆರೆ ಮತ್ತು ನಂಬರು ಎರಡನ್ನೂ ತಾಳೆ ನೋಡಿಯೇ ಒಳಗೆ ಬಿಡಬೇಕು ಎಂದೂ ಬರೆದ. ಆ ಕೊನೆಯ ಸಾಲು ಬರೆಯುವಾಗ ಅವನು ತಲೆ ಎತ್ತಿ, “ಗೆರೆ ಹಿಡಿಯೋದಕ್ಕೆ ಏನು ಅಂತ ಹೆಸರು ಬರೀಲಿ ಅಕ್ಕ?” ಎಂದ. “ಗಂಟಲು ನೋಡೋದು ಅಂತ ಬರೀರಿ, ಎಲ್ಲಾರಿಗೂ ಅರ್ಥ ಆಗ್ತದೆ” ಎಂದಳು. ಅವನು ಹಾಗೆಯೇ ಬರೆದ. ಒಂದು ಕಂಪನಿಯ ಕಾಗದದಲ್ಲಿ ಆ ಮಾತು ಮೊದಲ ಸಲ ಕೂತಿದ್ದು ಅಲ್ಲಿಯೇ ಇರಬೇಕು.

ಸಹಿ ಮ್ಯಾನೇಜರಿಂದ ಶುರುವಾಯಿತು. ಚಿಕ್ಕಹನುಮಯ್ಯನ ಬಲಗೈ ಆಡುತ್ತಿರಲಿಲ್ಲ. ಎಡಗೈಯಲ್ಲಿ ಪೆನ್ನು ಹಿಡಿದು ಅಂಕುಡೊಂಕಾಗಿ ಗೀಚಿದ. ಕಾಗದ ಸರಿಯದಂತೆ ಕದರಪ್ಪ ಎರಡೂ ಕೈಯಿಂದ ಅದುಮಿ ಹಿಡಿದಿದ್ದ. ಆಮೇಲೆ ಕಾಗದವನ್ನು ಅವನೇ ರಾಧಾಮಣಿಯ ಮುಂದಕ್ಕೆ ಜರುಗಿಸಿ, ಬೆರಳಿಟ್ಟು ತೋರಿಸಿದ. “ಮಾಡಿದ್ದಕ್ಕೆ ಇಲ್ಲೊಂದು ಹಾಕಮ್ಮ. ಕಂಡುಹಿಡಿದಿದ್ದಕ್ಕೆ ಇಲ್ಲೊಂದು.”

ರಾಧಾಮಣಿ ಎರಡು ಕಡೆಯೂ ಸಹಿ ಹಾಕಿದಳು, ಎರಡೂ ಒಂದೇ ಅಳತೆಗೆ, ಪೂರ್ತಿ ಹೆಸರಿನಲ್ಲಿ.